ಮೈದಾನದಂಚಿನಲ್ಲಿ ಚಿತ್ರದ ಹಲಗೆ ಹಿಡಿಯುವುದೇಕೆ? ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಎದುರಾಳಿಯ ಊಹೆ ತಪ್ಪಿಸುವ ಲೆಕ್ಕ

ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯವೊಂದರ ತುಣುಕು ನಿಮ್ಮ ಫೋನಿಗೂ ಬಂದಿರಬಹುದು. ಮೈದಾನದ ಅಂಚಿನಲ್ಲಿ ನಿಂತವರು ದೊಡ್ಡ ಹಲಗೆಯೊಂದನ್ನು ಎತ್ತಿ ಹಿಡಿದಿರುತ್ತಾರೆ. ಹಲಗೆಯಲ್ಲಿ ನಾಲ್ಕು ಚೌಕ, ಒಂದೊಂದರಲ್ಲಿ ಒಂದೊಂದು ಚಿತ್ರ: ಟೀವಿ ನಿರೂಪಕರ ಮುಖ, ಯಾವುದೋ ಪ್ರಾಣಿ, ಒಂದು ಕಾರ್ಟೂನು, ಒಂದು ಅಂಕಿ. ಪಕ್ಕದಲ್ಲಿ ಇನ್ನೂ ಇಬ್ಬರು ಮೂವರು ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಂತೆ ಕೈ ಬೀಸುತ್ತ, ಮೊಣಕೈ ತಟ್ಟುತ್ತ, ತಲೆ ಸವರುತ್ತ ನಿಂತಿರುತ್ತಾರೆ. ಇದು ಪ್ರಾಯೋಜಕರ ಜಾಹೀರಾತು ಎಂದು ಕೆಲವರು, ಅಮೆರಿಕದವರಿಗೂ ಮೂಢನಂಬಿಕೆ ತಪ್ಪಿದ್ದಲ್ಲ ಎಂದು ಇನ್ನು ಕೆಲವರು ಅರ್ಥ ಹಚ್ಚುತ್ತಾರೆ.

ಎರಡೂ ಅಲ್ಲ. ಅದು ಸಂಕೇತ. ಮುಂದಿನ ನಡೆ ಯಾವುದು ಎಂದು ತಂಡದ 11 ಜನರಿಗೆ ತಿಳಿಯಬೇಕು, ಎದುರಿಗಿರುವ 11 ಜನರಿಗೆ ತಿಳಿಯಬಾರದು. ಸಾವಿರಾರು ಜನ ಕಿರುಚುವ ಮೈದಾನದಲ್ಲಿ ಬಾಯಿಮಾತು ಕೇಳಿಸುವುದಿಲ್ಲ, ಹಾಗಾಗಿ ಚಿತ್ರ. ಈ ಸಂಕೇತಗಳನ್ನು ಕದ್ದ ವಿಚಾರದಲ್ಲಿ 2023ರಲ್ಲಿ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯವೊಂದು ಹಗರಣಕ್ಕೆ ಸಿಲುಕಿತು, ಮುಖ್ಯ ಕೋಚ್ ಅಮಾನತಾದರು. ಆ ಕಥೆಗೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಎದುರಾಳಿಯ ಊಹೆ ತಪ್ಪಿಸುವುದು ಎಂದರೆ ನಿಜಕ್ಕೂ ಏನು? ಹೊಸ ಹೊಸ ತಂತ್ರ ಹೂಡುತ್ತಲೇ ಇರುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವ ಬಹುಮಟ್ಟಿಗೆ ಇದಕ್ಕೆ ಉಲ್ಟಾ.

ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇದು ಮೆಸ್ಸಿ, ರೊನಾಲ್ಡೊ ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು 100 ಗಜ ಉದ್ದದ ಮೈದಾನದಲ್ಲಿ ಮುಂದಕ್ಕೆ ಸಾಗಿಸಬೇಕು. ಚೆಂಡು ಇರುವ ತಂಡ ಅಫೆನ್ಸ್, ತಡೆಯುವ ತಂಡ ಡಿಫೆನ್ಸ್. ನಾಲ್ಕು ಅವಕಾಶಗಳಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ನಡೆಯೂ ಕೆಲವೇ ಸೆಕೆಂಡಿನದು. ಒಂದು ನಡೆ ಮುಗಿದ ಮೇಲೆ ಇನ್ನೊಂದಕ್ಕೆ ಸಾಮಾನ್ಯವಾಗಿ 40 ಸೆಕೆಂಡು ಸಿಗುತ್ತದೆ. ನಮಗೆ ಬೇಸರ ಹುಟ್ಟಿಸುವ ಆ ನಿಲುಗಡೆಯಲ್ಲೇ ಅರ್ಧ ಆಟ ನಡೆದಿರುತ್ತದೆ.

ಮುಂದೆ ಸಾಗಲು ಮುಖ್ಯವಾಗಿ ಎರಡು ದಾರಿ. ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರ ಚೆಂಡನ್ನು ಹಿಂದೆ ನಿಂತ ಓಟಗಾರನ ಕೈಗಿಟ್ಟರೆ ಅದು ಓಟ. ದೂರ ಓಡುವ ರಿಸೀವರ್‌ಗೆ ಎಸೆದರೆ ಅದು ಪಾಸ್. ಓಟ ತಡೆಯಲು ಡಿಫೆನ್ಸ್ ಜನರನ್ನು ಮುಂದೆ ಗುಂಪುಗೂಡಿಸಬೇಕು, ಪಾಸ್ ತಡೆಯಲು ಹಿಂದೆ ಹರಡಬೇಕು. ಇರುವವರು 11 ಜನ. ಎರಡನ್ನೂ ಪೂರ್ತಿಯಾಗಿ ಮಾಡಲು ಬರುವುದಿಲ್ಲ, ಒಂದಕ್ಕೆ ಒಲಿದರೆ ಇನ್ನೊಂದು ಬರಿದಾಗುತ್ತದೆ.

ಲೆಕ್ಕ ಹಾಕಿದರೆ ಬರುವ ಉತ್ತರ

ಇದನ್ನು ಪುಟ್ಟ ಲೆಕ್ಕದಲ್ಲಿ ನೋಡೋಣ. ಅಂಕಿಗಳು ಯಾವ ತಂಡದವೂ ಅಲ್ಲ, ಲೆಕ್ಕಕ್ಕೆಂದು ನಾವೇ ಇಟ್ಟುಕೊಂಡವು. ಡಿಫೆನ್ಸ್ ಓಟಕ್ಕೆ ಕಾದಿದ್ದಾಗ ಓಡಿದರೆ 2 ಗಜ ಸಿಗುತ್ತದೆ, ಎಸೆದರೆ 9 ಗಜ. ಡಿಫೆನ್ಸ್ ಪಾಸ್‌ಗೆ ಕಾದಿದ್ದಾಗ ಓಡಿದರೆ 6 ಗಜ, ಎಸೆದರೆ 3 ಗಜ. ಈಗ ಅಫೆನ್ಸ್ ಎಷ್ಟು ಸಲ ಓಡಬೇಕು?

ಯಾವಾಗಲೂ ಓಡಿದರೆ ಎದುರಾಳಿ ಕಣ್ಣುಮುಚ್ಚಿ ಓಟಕ್ಕೇ ಕಾಯುತ್ತಾನೆ, ಗಳಿಕೆ 2 ಗಜ. ಯಾವಾಗಲೂ ಎಸೆದರೆ 3 ಗಜ. ಅರ್ಧಕ್ಕರ್ಧ ಮಾಡಿದರೆ? ಎದುರಾಳಿ ಪಾಸ್‌ಗೇ ಕಾದು ಸರಾಸರಿ 4.5 ಗಜಕ್ಕೆ ಕಟ್ಟಿಹಾಕುತ್ತಾನೆ. ನೂರರಲ್ಲಿ 60 ಸಲ ಓಟ, 40 ಸಲ ಪಾಸ್ ಆದರೆ ಮಾತ್ರ ಒಂದು ಚಂದದ ಸಂಗತಿ ನಡೆಯುತ್ತದೆ. ಎದುರಾಳಿ ಯಾವುದಕ್ಕೇ ಕಾಯಲಿ, ಸರಾಸರಿ 4.8 ಗಜ ಸಿಕ್ಕೇ ಸಿಗುತ್ತದೆ. ಬೇಕಿದ್ದರೆ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿ. ಅಂದರೆ ಈ ಹಂತದಲ್ಲಿ ಎದುರಾಳಿಯ ಊಹೆಗೆ ಬೆಲೆಯೇ ಇಲ್ಲ.

ಇಂಥ ಬೆರಕೆಯ ಹಿಂದಿರುವ ಗಣಿತವನ್ನು ಜಾನ್ ವಾನ್ ನಾಯ್ಮನ್ 1928ರಲ್ಲೇ ಸಾಧಿಸಿ ತೋರಿಸಿದ್ದರು. 1944ರಲ್ಲಿ ಆಸ್ಕರ್ ಮೋರ್ಗೆನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಿಂದ ‘ಗೇಮ್ ಥಿಯರಿ’ ಒಂದು ಶಾಸ್ತ್ರವಾಗಿ ನೆಲೆಯೂರಿತು. ಫುಟ್‌ಬಾಲ್ ಕೋಚ್‌ಗಳು ಇದನ್ನು ಓದಿ ಮೈದಾನಕ್ಕಿಳಿದರು ಎಂದು ನಾವು ಹೇಳುತ್ತಿಲ್ಲ. ಸೋತು ಸೋತು ಅದೇ ದಾರಿಗೆ ಬಂದವರೇ ಹೆಚ್ಚು.

ಈ ಲೆಕ್ಕದೊಳಗೆ ಒಂದು ವಿಚಿತ್ರವೂ ಇದೆ. ತಂಡಕ್ಕೆ ಒಬ್ಬ ಅದ್ಭುತ ಎಸೆತಗಾರ ಸೇರಿದ ಎಂದುಕೊಳ್ಳಿ. ಓಟಕ್ಕೆ ಕಾದಿರುವ ಡಿಫೆನ್ಸ್ ವಿರುದ್ಧ ಪಾಸ್‌ನ ಗಳಿಕೆ 9 ಗಜದಿಂದ 15ಕ್ಕೆ ಏರಿತು. ಈಗ ಹೆಚ್ಚು ಎಸೆಯಬೇಕು ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದು ನೂರರಲ್ಲಿ 75 ಸಲ ಓಡಬೇಕು ಎಂದು! ಏಕೆಂದರೆ ಆ ಎಸೆತಗಾರನ ಭಯಕ್ಕೆ ಎದುರಾಳಿ ಹಿಂದೆ ಸರಿದು ನಿಲ್ಲುತ್ತಾನೆ, ಮುಂದೆ ಜಾಗ ಖಾಲಿಯಾಗುತ್ತದೆ. ಬೆದರಿಕೆಗೂ ಬೆಲೆ ಇದೆ, ಅದನ್ನು ಪದೇ ಪದೇ ಪ್ರಯೋಗಿಸಬೇಕಿಲ್ಲ. ಸರಾಸರಿ ಗಳಿಕೆಯೂ 5.25 ಗಜಕ್ಕೆ ಏರುತ್ತದೆ.

ಓಟ, ಪಾಸ್, ಓಟ, ಪಾಸ್ ಮಾಡಿದರೆ ಸಾಲದು

60-40 ಎಂದು ಗೊತ್ತಾದರೆ ಮುಗಿಯಲಿಲ್ಲ. ಸರದಿಯೂ ಊಹೆಗೆ ಸಿಗಬಾರದು. ಮನುಷ್ಯನ ಮಿದುಳು ಎಡವುವುದು ಇಲ್ಲೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಾಣ್ಯ ಚಿಮ್ಮದೆ, ಚಿಮ್ಮಿದಂತೆ ಕಲ್ಪಿಸಿಕೊಂಡು 20 ಫಲಿತಾಂಶ ಬರೆಯಿರಿ: ರಾಜ, ರಾಣಿ, ರಾಣಿ, ರಾಜ... ಆಮೇಲೆ ನಿಜವಾಗಿ 20 ಸಲ ಚಿಮ್ಮಿ ಬರೆದುಕೊಳ್ಳಿ. ನಿಜವಾದ ಪಟ್ಟಿಯಲ್ಲಿ ಒಂದೇ ಮುಖ ಸತತ ನಾಲ್ಕು ಅಥವಾ ಹೆಚ್ಚು ಸಲ ಬೀಳುವ ಸಾಧ್ಯತೆ ಶೇ 76ಕ್ಕಿಂತ ಹೆಚ್ಚು. ಕಲ್ಪಿಸಿ ಬರೆದ ಪಟ್ಟಿಯಲ್ಲಿ ಅದು ಅಪರೂಪ. ಮೂರು ಸಲ ರಾಜ ಬರೆದ ಮೇಲೆ ‘ಇನ್ನು ರಾಣಿ ಬರಲೇಬೇಕು’ ಎಂದು ಕೈ ತಾನಾಗಿ ತಿರುಗುತ್ತದೆ. ಲಾಟರಿ ಅಂಗಡಿಯ ಮುಂದೆ ನಿಂತವರನ್ನು ಮುಳುಗಿಸುವುದೂ ಇದೇ ನಂಬಿಕೆ.

ಕೋಚ್‌ಗಳೂ ಮನುಷ್ಯರೇ. ಕೆನೆತ್ ಕೊವಾಶ್ ಮತ್ತು ‘ಫ್ರೀಕನಾಮಿಕ್ಸ್’ ಖ್ಯಾತಿಯ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2009ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಒಂದು ಲಕ್ಷಕ್ಕೂ ಹೆಚ್ಚು ನಡೆಗಳನ್ನು ಪರಿಶೀಲಿಸಿದರು. ತಂಡಗಳು ಎಸೆಯಬೇಕಾದಷ್ಟು ಸಲ ಎಸೆಯುತ್ತಿಲ್ಲ, ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಬಾರಿ ನಡೆ ಬದಲಿಸುತ್ತಿವೆ ಎಂದು ಅವರು ಕಂಡುಕೊಂಡರು. ಓಟದ ನಂತರ ಪಾಸ್, ಪಾಸ್ ನಂತರ ಓಟ ಎಂಬ ಜಾಡು ಎದುರಾಳಿಗೆ ಸುಳಿವಾಗುತ್ತದೆ. ಇಂಥ ತಪ್ಪು ತಿದ್ದಿಕೊಂಡರೆ ಒಂದು ಋತುವಿನಲ್ಲಿ ಅರ್ಧ ಗೆಲುವಿಗಿಂತ ತುಸು ಹೆಚ್ಚು ಲಾಭವಾದೀತು ಎಂಬುದು ಅವರ ಅಂದಾಜು. ಅದು ಕಾಲೇಜು ಆಟದ ಅಧ್ಯಯನವಲ್ಲ ನಿಜ, ಆದರೆ ಹಣ, ಸಿಬ್ಬಂದಿ, ಅನುಭವ ಎಲ್ಲ ಇರುವ ವೃತ್ತಿಪರರೇ ಎಡವಿದರೆ ಕಾಲೇಜಿನವರು ಎಡವದಿರುವುದು ಕಷ್ಟ.

ಇದಕ್ಕೊಂದು ಹಳೆಯ ಮದ್ದು ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೂ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡಕ್ಕೂ ಕೋಚ್ ಆಗಿದ್ದ ಬಿಲ್ ವಾಲ್ಶ್ ಪಂದ್ಯದ ಆರಂಭದ ನಡೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಹಿಂದಿನ ನಡೆ ಸೋತಿತೆಂಬ ಸಿಟ್ಟು, ಗೆದ್ದಿತೆಂಬ ಹುರುಪು ಮುಂದಿನದನ್ನು ಆರಿಸದಂತೆ ತಡೆಯಲು ಇದು ಸುಲಭದ ಉಪಾಯ. ಇನ್ನೊಂದು ಮದ್ದು, ತನ್ನ ಮೇಲೆ ತಾನೇ ಬೇಹು ನಡೆಸುವುದು. ತಂಡಗಳು ತಮ್ಮದೇ ಹಳೆಯ ಪಂದ್ಯಗಳನ್ನು ನೋಡಿ, ಈ ನಿಲುವಿನಿಂದ ಎಷ್ಟು ಸಲ ಓಡಿದ್ದೇವೆ, ಆ ಅವಕಾಶದಲ್ಲಿ ಎಷ್ಟು ಸಲ ಎಸೆದಿದ್ದೇವೆ ಎಂದು ಎಣಿಸುತ್ತವೆ. ಎದುರಾಳಿಯೂ ಅದೇ ವಿಡಿಯೊ ನೋಡಿ ಅದನ್ನೇ ಎಣಿಸುತ್ತಿರುತ್ತಾನಲ್ಲ! ಎಣಿಕೆಯಲ್ಲಿ ಒಂದು ಚಾಳಿ ಎದ್ದು ಕಂಡರೆ, ದೊಡ್ಡ ಪಂದ್ಯದಲ್ಲಿ ಬೇಕೆಂದೇ ಅದಕ್ಕೆ ವಿರುದ್ಧ ಆಡುತ್ತಾರೆ.

ಒಂದೇ ಮುಖ, ಎರಡು ನಡೆ

ಇಷ್ಟಾದರೂ ಚೆಂಡು ಚಲಿಸಿದ ಮೊದಲ ಅರ್ಧ ಸೆಕೆಂಡಿನಲ್ಲೇ ಗುಟ್ಟು ರಟ್ಟಾಗಬಹುದು. ಅನುಭವಿ ರಕ್ಷಕರು ಚೆಂಡನ್ನಲ್ಲ, ಮುಂದಿನ ಸಾಲಿನ ದಢೂತಿ ಆಟಗಾರರನ್ನು ನೋಡುತ್ತಾರೆ. ಅವರು ತಲೆ ತಗ್ಗಿಸಿ ಮುಂದೆ ನುಗ್ಗಿದರೆ ಓಟ, ತಲೆ ಎತ್ತಿ ಹಿಂದೆ ಸರಿದರೆ ಪಾಸ್. ನೆಲಕ್ಕೆ ಊರಿದ ಬೆರಳುಗಳ ಮೇಲೆ ಭಾರ ಜಾಸ್ತಿ ಬಿದ್ದಿದೆಯೇ ಎಂಬುದನ್ನೂ ಗಮನಿಸುವವರಿದ್ದಾರೆ.

ಹಾಗಾಗಿ ಒಳ್ಳೆಯ ಅಫೆನ್ಸ್ ಬೇರೆ ಬೇರೆ ನಡೆಗಳನ್ನು ಒಂದೇ ತರಹ ಆರಂಭಿಸುತ್ತದೆ. ಕ್ರಿಕೆಟ್ ನೋಡುವವರಿಗೆ ಗೂಗ್ಲಿ ಗೊತ್ತು. ಕೈ ತಿರುಗುವುದು ಲೆಗ್ ಬ್ರೇಕ್‌ನಂತೆ, ಚೆಂಡು ತಿರುಗುವುದು ಇನ್ನೊಂದು ಕಡೆಗೆ. ಲೆಗ್ ಬ್ರೇಕ್ ಇರುವುದರಿಂದಲೇ ಗೂಗ್ಲಿಗೆ ಬೆಲೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದಕ್ಕೆ ಹತ್ತಿರದ್ದು ‘ಪ್ಲೇ ಆ್ಯಕ್ಷನ್’. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಯತ್ತ ಚಾಚುತ್ತಾನೆ, ಮುಂದಿನ ಸಾಲು ಓಟದಂತೆಯೇ ಹೆಜ್ಜೆ ಹಾಕುತ್ತದೆ, ಓಟಗಾರ ಖಾಲಿ ಕೈಗಳನ್ನು ಮಡಚಿ ನುಗ್ಗುತ್ತಾನೆ. ರಕ್ಷಕರು ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅವರ ಬೆನ್ನ ಹಿಂದೆ ತೆರವಾದ ಜಾಗಕ್ಕೆ ಚೆಂಡು ಹಾರುತ್ತದೆ.

ಇಲ್ಲೊಂದು ಹಳೆಯ ನಂಬಿಕೆ ಇದೆ, ಟೀವಿ ವೀಕ್ಷಕ ವಿವರಣೆಕಾರರ ಬಾಯಲ್ಲಿ ಈಗಲೂ ಕೇಳಿಬರುತ್ತದೆ: ಮೊದಲು ಸಾಕಷ್ಟು ಓಡಿ ಓಡಿ ಎದುರಾಳಿಯನ್ನು ನಂಬಿಸಬೇಕು, ಆಮೇಲಷ್ಟೇ ಈ ನಟನೆ ಫಲಿಸುತ್ತದೆ. ಎನ್‌ಎಫ್‌ಎಲ್ ಅಂಕಿಅಂಶಗಳನ್ನು ಜಾಲಾಡಿದ ವಿಶ್ಲೇಷಕರಿಗೆ ಇದಕ್ಕೆ ಆಧಾರ ಸಿಕ್ಕಿಲ್ಲ. ಒಂದು ತಂಡ ಎಷ್ಟು ಸಲ ಓಡಿದೆ, ಎಷ್ಟು ಚೆನ್ನಾಗಿ ಓಡಿದೆ ಎಂಬುದಕ್ಕೂ ಪ್ಲೇ ಆ್ಯಕ್ಷನ್ ಯಶಸ್ಸಿಗೂ ಹೇಳಿಕೊಳ್ಳುವಂಥ ಸಂಬಂಧ ಕಂಡಿಲ್ಲ. ರಕ್ಷಕನಿಗೆ ಚಿಕ್ಕಂದಿನಿಂದ ಕಲಿಸಿರುವುದೇ ಎದುರಿನ ಆಟಗಾರನ ಹೆಜ್ಜೆಗೆ ತಕ್ಕಂತೆ ಚಲಿಸುವುದನ್ನು. ಅವನು ಈ ಪಂದ್ಯದ ಅಂಕಿಸಂಖ್ಯೆ ಲೆಕ್ಕ ಹಾಕಿ ಮುಂದೆ ಬರುವುದಿಲ್ಲ, ಕಣ್ಣಿಗೆ ಕಂಡದ್ದಕ್ಕೆ ಕಾಲು ಓಡುತ್ತದೆ. ನಮಗೆ ಇದೇ ಸರಿಯಾದ ವಿವರಣೆ ಎನಿಸುತ್ತದೆ.

ದಪ್ಪ ಪುಸ್ತಕದಷ್ಟು ನಡೆಗಳಿದ್ದರೆ ಮಾತ್ರ ಎದುರಾಳಿ ತಬ್ಬಿಬ್ಬಾಗುತ್ತಾನೆ ಎಂಬುದೂ ಅಷ್ಟೇ ಪೊಳ್ಳು. 1989ರ ನಂತರ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಹಾಲ್ ಮಮ್ಮಿ, ಮೈಕ್ ಲೀಚ್ ಜೋಡಿ ಬೆಳೆಸಿದ ‘ಏರ್ ರೇಡ್’ ಪದ್ಧತಿಯಲ್ಲಿ ಮೂಲ ನಡೆಗಳು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಲೀಚ್ ಓದಿದ್ದು ಕಾನೂನು, ಕಾಲೇಜು ಮಟ್ಟದಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ. ಅದೇ ಕೆಲವು ನಡೆಗಳನ್ನು ಬೇರೆ ಬೇರೆ ನಿಲುವಿನಿಂದ, ದಿನಾಲೂ, ಬೇಸರವಾಗುವಷ್ಟು ಅಭ್ಯಾಸ ಮಾಡಿಸುತ್ತಿದ್ದರು. ನೋಡುವವರಿಗೆ ನೂರು ವೇಷ, ಆಡುವವರಿಗೆ ಗೊತ್ತಿರುವ ಹತ್ತಾರು ನಡೆ. ಕಾಲೇಜಿನಲ್ಲಿ ಇದು ಇನ್ನೂ ಮುಖ್ಯ. ಆಟಗಾರರು ತರಗತಿಗೂ ಹೋಗಬೇಕು, ಅಭ್ಯಾಸದ ಗಂಟೆಗಳಿಗೆ ನಿಯಮದ ಮಿತಿ ಇದೆ, ನಾಲ್ಕೈದು ವರ್ಷಕ್ಕೆ ಇಡೀ ತಂಡವೇ ಬದಲಾಗುತ್ತದೆ.

ಗುಟ್ಟೇ ಇಲ್ಲದಿದ್ದರೆ ಕದಿಯುವುದೇನನ್ನು?

ನಮ್ಮ ದೃಷ್ಟಿಯಲ್ಲಿ ಕಾಲೇಜು ಆಟದ ಅತಿ ಚತುರ ಉಪಾಯ ಮುಂದಿನದು. ಇಲ್ಲಿ ನಡೆ ಆರಂಭವಾಗುವಾಗ ಚೆಂಡು ಎಲ್ಲಿಗೆ ಹೋಗುತ್ತದೆಂದು ಅಫೆನ್ಸ್‌ಗೇ ಗೊತ್ತಿರುವುದಿಲ್ಲ.

‘ಜೋನ್ ರೀಡ್’ ಎಂಬ ನಡೆಯನ್ನು ನೋಡಿ. ಡಿಫೆನ್ಸ್ ಸಾಲಿನ ಅಂಚಿನಲ್ಲಿ ನಿಂತ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣನ್ನು ಆ ಒಬ್ಬನ ಮೇಲೆ ನೆಡುತ್ತಾನೆ. ಆತ ಓಟಗಾರನ ಕಡೆ ಒಳಕ್ಕೆ ನುಗ್ಗಿದನೋ, ಕ್ವಾರ್ಟರ್‌ಬ್ಯಾಕ್ ಚೆಂಡು ಹಿಂದಕ್ಕೆಳೆದು ಆತ ಬಿಟ್ಟ ಜಾಗದಲ್ಲಿ ತಾನೇ ಓಡುತ್ತಾನೆ. ಆತ ನಿಂತಲ್ಲೇ ನಿಂತನೋ, ಚೆಂಡು ಓಟಗಾರನಿಗೆ. ಆ ರಕ್ಷಕ ಏನೇ ಮಾಡಿದರೂ ತಪ್ಪು. ಅವನ ನಿರ್ಧಾರವೇ ಅಫೆನ್ಸಿನ ನಿರ್ಧಾರ.

ಇದರೊಳಗೆ ಸರಳ ಅಂಕಗಣಿತವೂ ಅಡಗಿದೆ. ಸಾಮಾನ್ಯ ಓಟದಲ್ಲಿ 11 ಜನರಲ್ಲಿ ಚೆಂಡು ಹಿಡಿದು ಓಡುವವನೊಬ್ಬ, ಚೆಂಡು ಕೊಟ್ಟು ಸುಮ್ಮನಾಗುವ ಕ್ವಾರ್ಟರ್‌ಬ್ಯಾಕ್ ಒಬ್ಬ. ಉಳಿದ 9 ಜನ ಎದುರಿನ 11 ಜನರನ್ನು ತಡೆಯಬೇಕು. ಯಾರೂ ಮುಟ್ಟದ ಒಬ್ಬನನ್ನು ಬರಿಯ ನೋಟದಲ್ಲೇ ಕಟ್ಟಿಹಾಕಿದರೆ ಆ ಕೊರತೆಯಲ್ಲಿ ಒಂದು ತುಂಬಿತು.

ಈ ನಡೆಯನ್ನು ಬೆಳೆಸಿದ ಹಿರಿಮೆ ಸಾಮಾನ್ಯವಾಗಿ ರಿಚ್ ರಾಡ್ರಿಗಸ್ ಅವರಿಗೆ ಸಲ್ಲುತ್ತದೆ. 1990ರ ದಶಕದ ಆರಂಭದಲ್ಲಿ ಅವರು ವೆಸ್ಟ್ ವರ್ಜೀನಿಯಾ ರಾಜ್ಯದ ಗ್ಲೆನ್‌ವಿಲ್ ಸ್ಟೇಟ್ ಎಂಬ ಚಿಕ್ಕ ಕಾಲೇಜಿನ ಕೋಚ್. ಒಮ್ಮೆ ಅಭ್ಯಾಸದಲ್ಲಿ ಚೆಂಡು ಕೈಬದಲಾಗುವಾಗ ತಪ್ಪಿತಂತೆ. ಕ್ವಾರ್ಟರ್‌ಬ್ಯಾಕ್ ಅದನ್ನು ತಾನೇ ಹಿಡಿದು, ಅಂಚಿನ ರಕ್ಷಕ ಒಳನುಗ್ಗಿ ಬಿಟ್ಟುಹೋದ ಜಾಗದಲ್ಲಿ ಓಡಿದ. ಹಾಗೇಕೆ ಮಾಡಿದೆ ಎಂದು ಕೋಚ್ ಕೇಳಿದಾಗ ಬಂದ ಉತ್ತರದಿಂದಲೇ ಈ ನಡೆ ಹುಟ್ಟಿತು ಎಂಬುದು ಅವರು ಹೇಳಿಕೊಂಡು ಬಂದಿರುವ ಕಥೆ.

ಮೂಲ ಕಲ್ಪನೆ ಇನ್ನೂ ಹಳೆಯದು. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಎಮರಿ ಬೆಲರ್ಡ್ ‘ವಿಶ್‌ಬೋನ್’ ಎಂಬ ನಿಲುವನ್ನು ತಂದರು. ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರು ಓಟಗಾರರು, ಮೂರು ಆಯ್ಕೆ, ಎರಡು ಕಡೆ ರಕ್ಷಕರನ್ನು ನೋಡಿ ನಿರ್ಧಾರ. ಅದನ್ನು ಹಿಡಿದ ಮೇಲೆ ಟೆಕ್ಸಸ್ ಸತತ 30 ಪಂದ್ಯ ಗೆದ್ದಿತು. ಅಮೆರಿಕದ ಭೂಸೇನೆ, ನೌಕಾಪಡೆ, ವಾಯುಪಡೆಗಳ ಅಕಾಡೆಮಿ ತಂಡಗಳು ಈ ಕುಟುಂಬದ ನಡೆಗಳನ್ನು ದಶಕಗಳ ಕಾಲ ನೆಚ್ಚಿಕೊಂಡವು. ಮುಂದೆ ಸೈನಿಕರಾಗಬೇಕಾದ ಅವರ ಹುಡುಗರು 140 ಕಿಲೊ ತೂಗುವಂತಿಲ್ಲ. ದೇಹಬಲದಲ್ಲಿ ಹಿಂದೆ ಬಿದ್ದವರಿಗೆ, ಎದುರಾಳಿಯ ಒಬ್ಬಿಬ್ಬರನ್ನು ಮುಟ್ಟದೆಯೇ ಆಟದಿಂದ ತೆಗೆಯುವ ಪದ್ಧತಿ ಹೇಳಿ ಮಾಡಿಸಿದಂತಿತ್ತು. ಅದರ ಮೇಲೆ, ವರ್ಷಕ್ಕೊಮ್ಮೆ ಈ ಬಗೆಯ ಆಟ ಎದುರಿಸುವ ತಂಡಕ್ಕೆ ತಯಾರಿಗೆ ಸಿಗುವುದು ಒಂದೇ ವಾರ.

ಇತ್ತೀಚಿನ ರೂಪ ‘ಆರ್‌ಪಿಒ’: ಓಟವೋ ಪಾಸೋ ಎಂಬುದನ್ನು ಚೆಂಡು ಕೈಗೆ ಬಂದ ಮೇಲೆ ತೀರ್ಮಾನಿಸುವುದು. ಪ್ಲೇ ಆ್ಯಕ್ಷನ್‌ನಲ್ಲಿ ಓಟ ಬರಿ ನಟನೆ. ಆರ್‌ಪಿಒದಲ್ಲಿ ಓಟವೂ ನಿಜ, ಪಾಸೂ ನಿಜ. ಮಧ್ಯದಲ್ಲಿ ನಿಂತ ಒಬ್ಬ ರಕ್ಷಕ ಮುಂದೆ ಬಂದರೆ ಅವನ ಹಿಂದಕ್ಕೆ ಎಸೆತ, ಬಾರದಿದ್ದರೆ ಓಟ. ಇದು ಕಾಲೇಜಿನಲ್ಲಿ ಹೆಚ್ಚು ಬೆಳೆಯಲು ಒಂದು ನಿಯಮವೂ ಕಾರಣ. ಪಾಸ್ ಹಾರುವ ಮುನ್ನ ಮುಂಸಾಲಿನವರು ಕಾಲೇಜು ಆಟದಲ್ಲಿ 3 ಗಜದವರೆಗೆ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ ಮಾತ್ರ. ಆ ಎರಡು ಗಜದ ಸಡಿಲಿಕೆಯಿಂದ ಅವರು ಓಟಕ್ಕೆಂದೇ ಧೈರ್ಯವಾಗಿ ನುಗ್ಗಬಹುದು. ಅವರ ಹೆಜ್ಜೆ ನೋಡಿ ಊಹಿಸುವ ರಕ್ಷಕನಿಗೆ ಅಲ್ಲಿಗೆ ಕಣ್ಣು ಕಟ್ಟಿದಂತೆ. ಇದು ಅನ್ಯಾಯ ಎಂದು ಡಿಫೆನ್ಸ್ ಕೋಚ್‌ಗಳು ಗೊಣಗುತ್ತಲೇ ಬಂದಿದ್ದಾರೆ. ಅವರ ಗೊಣಗಾಟದಲ್ಲಿ ಅರ್ಥವಿಲ್ಲ ಎನ್ನಲಾಗದು.

ಯೋಚಿಸಲು ಸಮಯ ಕೊಡದಿದ್ದರೆ

40 ಸೆಕೆಂಡಿನಲ್ಲಿ ಎಲ್ಲವನ್ನೂ ಬಳಸಲೇಬೇಕೆಂದಿಲ್ಲ. ಚಿಪ್ ಕೆಲಿ 2009ರಿಂದ 2012ರವರೆಗೆ ಒರೆಗಾನ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿದ್ದಾಗ ಅವರ ತಂಡ ಗುಂಪುಗೂಡಿ ಚರ್ಚಿಸುವ ಪದ್ಧತಿಯನ್ನೇ ಬಹುತೇಕ ಕೈಬಿಟ್ಟಿತು. ಒಂದು ನಡೆ ಮುಗಿದ ಕೂಡಲೇ ಸಾಲುಗಟ್ಟಿ ನಿಲ್ಲುವುದು, ಅಂಚಿನ ಹಲಗೆ ನೋಡುವುದು, ಚೆಂಡು ಎತ್ತುವುದು. ಅಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಸಮಯ ಕೊಡಬೇಕೆಂಬುದು ನಿಯಮ. ಬದಲಿಸದಿದ್ದರೆ? ದಣಿದು ಸೊಂಟದ ಮೇಲೆ ಕೈಯಿಟ್ಟು ನಿಂತ ಅದೇ 11 ಜನ ಅಲ್ಲೇ ಸಿಕ್ಕಿಬೀಳುತ್ತಾರೆ. ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೂ ಸಮಯ ಇರುವುದಿಲ್ಲ, ಹಾಗಾಗಿ ತೀರಾ ಸರಳ ನಿಲುವಿಗೆ ಇಳಿಯುತ್ತಾರೆ. ಸರಳ ನಿಲುವನ್ನು ಓದುವುದು ಸುಲಭ.

2014ರ ಫೆಬ್ರುವರಿಯಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎದ ನಿಯಮ ಸಮಿತಿ, 40ರಲ್ಲಿ ಮೊದಲ 10 ಸೆಕೆಂಡು ಚೆಂಡು ಎತ್ತಬಾರದು ಎಂಬ ಪ್ರಸ್ತಾವ ತಂದಿತು. ಕೊಟ್ಟ ಕಾರಣ ಆಟಗಾರರ ಸುರಕ್ಷತೆ. ವೇಗದ ಆಟದ ಕೋಚ್‌ಗಳು ರೊಚ್ಚಿಗೆದ್ದರು. ಪ್ರಸ್ತಾವ ಮುಂದಿನ ತಿಂಗಳೇ ವಾಪಸಾಯಿತು.

ವಿಚಿತ್ರ ನಡೆ ಫಲಿಸುವುದು ಯಾವಾಗ?

ಹಾಗಾದರೆ ಫೋನಿನಲ್ಲಿ ಹರಿದಾಡುವ ಆ ಚಮತ್ಕಾರದ ನಡೆಗಳು? ಅವೂ ನಿಜ. 2007ರ ಜನವರಿ 1ರಂದು ಅರಿಜೋನಾದಲ್ಲಿ ನಡೆದ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಸಣ್ಣ ತಂಡವೆನಿಸಿದ್ದ ಬಾಯ್ಸಿ ಸ್ಟೇಟ್, ಬಲಾಢ್ಯ ಓಕ್ಲಹೋಮಾವನ್ನು 43-42ರಿಂದ ಸೋಲಿಸಿತು. ಕೊನೆಯ ಅವಕಾಶದಲ್ಲಿ 18 ಗಜ ಬೇಕಿದ್ದಾಗ ಒಬ್ಬ ಚೆಂಡು ಹಿಡಿದು, ಎದುರಿನಿಂದ ಓಡಿಬಂದ ಜೊತೆಗಾರನಿಗೆ ಪಕ್ಕಕ್ಕೆ ಎಸೆದ. 7 ಸೆಕೆಂಡು ಉಳಿದಿರುವಾಗ ಸ್ಕೋರ್ ಸಮವಾಯಿತು. ಹೆಚ್ಚುವರಿ ಆಟದಲ್ಲಿ ಗೆಲುವಿಗೆ ಎರಡು ಅಂಕ ಬೇಕಾದಾಗ ಕ್ವಾರ್ಟರ್‌ಬ್ಯಾಕ್ ಜಾರೆಡ್ ಜಬ್ರಾನ್ಸ್ಕಿ ಬಲಗೈ ಎತ್ತಿ ಬಲಕ್ಕೆ ಎಸೆದಂತೆ ನಟಿಸಿದ. ಎಸೆದ ಕೈ ಖಾಲಿ. ಚೆಂಡು ಬೆನ್ನ ಹಿಂದೆ ಎಡಗೈಯಲ್ಲಿತ್ತು. ಇಯಾನ್ ಜಾನ್ಸನ್ ಅದನ್ನು ತೆಗೆದುಕೊಂಡು ಎಡಕ್ಕೆ ಓಡಿದಾಗ ತಡೆಯಲು ಯಾರೂ ಇರಲಿಲ್ಲ.

ಆ ನಡೆಯ ಹೆಸರು ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ’, ಅಂದಿಗಾಗಲೇ ಹಳತರಲ್ಲಿ ಹಳತು. ಓಕ್ಲಹೋಮಾದ ಆಟಗಾರರು ದಡ್ಡರೂ ಅಲ್ಲ. ಮೂವರು ರಿಸೀವರ್‌ಗಳು ಬಲಕ್ಕೆ ನಿಂತಿದ್ದರು, ಅಲ್ಲಿಗೆ ಎಸೆಯುವುದು ಆ ನಿಲುವಿನ ಸಹಜ ನಡೆ. ಸಹಜವಾದದ್ದನ್ನು ನಂಬಿದ್ದಕ್ಕೆ ಅವರು ಏಮಾರಿದರು. ಇದನ್ನೇ ಪಂದ್ಯಕ್ಕೆ ಹತ್ತು ಸಲ ಮಾಡಿದ್ದರೆ ಹತ್ತನೆಯ ಸಲಕ್ಕೆ ಜಾನ್ಸನ್‌ನನ್ನು ನಾಲ್ವರು ಕಾಯುತ್ತಿದ್ದರು.

ಮತ್ತೆ ಆ ಹಲಗೆಗೆ

ಈಗ ಹಲಗೆಯ ಅರ್ಥ ಬಿಡಿಸುವುದು ಸುಲಭ. ಕೈ ಬೀಸುವ ಮೂವರಲ್ಲಿ ಸಾಮಾನ್ಯವಾಗಿ ಒಬ್ಬನ ಸಂಕೇತ ಮಾತ್ರ ನಿಜ, ಉಳಿದವರದು ಬರಿ ಕುಣಿತ. ಇವತ್ತು ಯಾರನ್ನು ನೋಡಬೇಕೆಂಬುದು ಆಟಗಾರರಿಗೆ ಮೊದಲೇ ಗೊತ್ತಿರುತ್ತದೆ. ನಾಲ್ಕು ಚಿತ್ರಗಳಲ್ಲೂ ಹಾಗೆಯೇ, ಕೆಲವು ಅರ್ಥವುಳ್ಳವು, ಕೆಲವು ಸುಮ್ಮನೆ. ಒರೆಗಾನ್ ಹಲಗೆಗಳು ಹೆಸರಾದ ಮೇಲೆ ಬೇರೆಯವರೂ ಹಿಡಿದರು.

ಎನ್‌ಎಫ್‌ಎಲ್‌ನಲ್ಲಿ 1994ರಿಂದಲೇ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. ಕಾಲೇಜಿನಲ್ಲಿ ಅದಕ್ಕೆ ಅನುಮತಿ ಇರಲಿಲ್ಲ, ಎಲ್ಲವೂ ಬಯಲಲ್ಲೇ ನಡೆಯಬೇಕಿತ್ತು. ಎಲ್ಲರ ಕಣ್ಣಿಗೂ ಬೀಳುವ ಸಂಕೇತವನ್ನು ಪಂದ್ಯದ ನಡುವೆ ಬರಿಗಣ್ಣಲ್ಲಿ ನೋಡಿ ಬಿಡಿಸಿಕೊಂಡರೆ ಅದು ತಪ್ಪಲ್ಲ, ಹಲವು ತಂಡಗಳು ಅದನ್ನು ಮಾಡುತ್ತವೆ. ಹಗರಣದ ಸುದ್ದಿ ಬಂದಾಗ ಬಹಳ ಜನ ಗೊಂದಲಕ್ಕೆ ಬಿದ್ದದ್ದು ಇಲ್ಲೇ. ನಿಷಿದ್ಧವಾದದ್ದು ಎರಡು: ಸಂಕೇತಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವುದು, ಮತ್ತು ಮುಂದೆ ಎದುರಿಸಲಿರುವ ತಂಡದ ಪಂದ್ಯಕ್ಕೆ ಖುದ್ದಾಗಿ ಹೋಗಿ ಬೇಹು ನಡೆಸುವುದು.

2023ರ ಅಕ್ಟೋಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಒಬ್ಬ ಕಿರಿಯ ಸಿಬ್ಬಂದಿಯ ಮೇಲೆ ಬಂದ ಆರೋಪ ಇದೇ. ಮುಂದಿನ ಎದುರಾಳಿಗಳ ಪಂದ್ಯಗಳಿಗೆ ಟಿಕೆಟ್ ಕೊಂಡು, ಜನ ಕಳಿಸಿ, ಅಂಚಿನ ಸಂಕೇತಗಳನ್ನು ಫೋನಿನಲ್ಲಿ ಚಿತ್ರೀಕರಿಸಿದ್ದು. ಆತ ರಾಜೀನಾಮೆ ಕೊಟ್ಟ. ನವೆಂಬರ್‌ನಲ್ಲಿ ಬಿಗ್ ಟೆನ್ ಕೂಟ ಮುಖ್ಯ ಕೋಚ್ ಜಿಮ್ ಹಾರ್ಬಾ ಅವರನ್ನು ಮೂರು ಪಂದ್ಯಗಳಿಗೆ ಅಮಾನತು ಮಾಡಿತು. ಗೆಲುವಿಗೆ ಕಳ್ಳತನವೇ ಕಾರಣ ಎಂದು ಎದುರಾಳಿಗಳು ಹೇಳಿದರು. ಆತ ಹೋದ ಮೇಲೂ ಮಿಷಿಗನ್ ಒಂದೂ ಪಂದ್ಯ ಸೋಲದೆ, 2024ರ ಜನವರಿ 8ರಂದು ವಾಷಿಂಗ್ಟನ್ ತಂಡವನ್ನು 34-13ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು ಎಂದು ಅಭಿಮಾನಿಗಳು ತಿರುಗುತ್ತರ ಕೊಟ್ಟರು. ಎರಡೂ ಕಡೆಯವರ ಜಗಳ ಇನ್ನೂ ಮುಗಿದಿಲ್ಲ. ಮೇಲಿನ ನಮ್ಮ ಲೆಕ್ಕಕ್ಕೆ ಹೋಲಿಸಿದರೆ ಮಾತ್ರ ಏಕೆ ಇಷ್ಟು ರೋಷ ಎಂಬುದು ತಿಳಿಯುತ್ತದೆ. ಪ್ರತಿ ನಡೆಯೂ ಮೊದಲೇ ಗೊತ್ತಾದರೆ 4.8 ಗಜದ ತಂಡಕ್ಕೆ ಸಿಗುವುದು ಓಡಿದಾಗ 2, ಎಸೆದಾಗ 3 ಗಜ.

2024ರ ಋತುವಿನಿಂದ ಎನ್‌ಸಿಎಎ ತನ್ನ ಮೇಲ್ಸ್ತರದ ತಂಡಗಳಿಗೆ ಹೆಲ್ಮೆಟ್ ರೇಡಿಯೊ ಬಳಸಲು ಬಿಟ್ಟಿದೆ. ಮೈದಾನದಲ್ಲಿ ಪ್ರತಿ ತಂಡದ ಒಬ್ಬನಿಗೆ ಮಾತ್ರ. ಅವನ ಹೆಲ್ಮೆಟ್ಟಿನ ಹಿಂಬದಿಯಲ್ಲಿ ಹಸಿರು ಚುಕ್ಕೆ ಇರುತ್ತದೆ, ಮುಂದಿನ ವಿಡಿಯೊದಲ್ಲಿ ಹುಡುಕಿ ನೋಡಿ. ಉಳಿದ ಹತ್ತು ಜನರಿಗೆ ಏನೂ ಕೇಳಿಸುವುದಿಲ್ಲ, ಆದ್ದರಿಂದ ವೇಗವಾಗಿ ಆಡುವ ತಂಡಗಳಿಗೆ ಕೈಸನ್ನೆ, ಹಲಗೆಗಳ ಕೆಲಸ ಪೂರ್ತಿ ತಪ್ಪಿಲ್ಲ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ, ಅಥವಾ ಅದಕ್ಕೂ ಮೊದಲೇ ಚೆಂಡು ಚಲಿಸಿದರೆ ಆಗಲೇ, ರೇಡಿಯೊ ಕಡಿದುಹೋಗುತ್ತದೆ. ಡಿಫೆನ್ಸ್ ತನ್ನ ನಿಜವಾದ ನಿಲುವಿಗೆ ಸರಿಯಲು ಆ ಕ್ಷಣದವರೆಗೂ ಕಾಯಬಹುದು. ಆಮೇಲೆ ಕ್ವಾರ್ಟರ್‌ಬ್ಯಾಕ್ ಕಿವಿಯಲ್ಲಿ ಕೋಚ್ ಇರುವುದಿಲ್ಲ. ಎದುರಿನ ಹನ್ನೊಂದು ಜನರನ್ನು ಓದುವುದು ಅವನೊಬ್ಬನ ಪಾಲಿಗೆ ಉಳಿಯುತ್ತದೆ.